ಸೈಕಲ್ ಮ್ಯಾಲಿನ ಡಾಕ್ಟರಬಾಯಿ

ಹೋದ ತಿಂಗಳು ಭಾಲ್ಕಿಯಲ್ಲಿ ನಮ್ಮ ಡಾಕ್ಟರಬಾಯಿಯವರಿಗೆ, ಎಂದರೆ ಡಾಕ್ಟರ್ ಮೇಡಂಗೆ, ನಿವೃತ್ತಿಯ ಸನ್ಮಾನ ಇತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದವು. ಪಶು ಇಲಾಖೆಯವರು ಒಬ್ಬೊಬ್ಬರಾಗಿ ಎದ್ದು ಅವರು ನಡೆಸಿದ ಲಸಿಕೆ ಶಿಬಿರಗಳನ್ನು, ಉಳಿಸಿದ ದನಕರುಗಳನ್ನು ನೆನೆದರು. ಒಬ್ಬರು ಮಾತ್ರ, "ಬಾಯಾರಿಗಿ ಕಾರ್ ತಗೊಳ್ಳೋ ಪಗಾರ ಇತ್ತು, ಆದ್ರೂ ಸೈಕಲ್ ಬಿಡಲಿಲ್ಲ" ಎಂದರು. ಸಭೆ ನಕ್ಕಿತು. ಬಾಯಾರೂ ನಕ್ಕರು.

ಅಷ್ಟರಲ್ಲಿ ಯಾರೋ ನನ್ನ ಹೆಸರು ಕೂಗಿದರು. ಎದ್ದು ಹೋಗಿ ಮೈಕ್ ಹಿಡಿದೆ. ದಿನಾ ಮಕ್ಕಳ ಮುಂದೆ ಮಾತಾಡುವವಳು ನಾನು. ಅವತ್ತು ಮಾತ್ರ "ಬಾಯಾರು ಇರದಿದ್ದರೆ ನಾನು ಇವತ್ತು ಕಮಠಾಣದ ಸಾಲಿಯಲ್ಲಿ ಪಾಠ ಹೇಳುತ್ತಿರಲಿಲ್ಲ" ಎಂದಷ್ಟೇ ಹೇಳಿ ಬಂದು ಕೂತೆ. ಮನೆಗೆ ಬಂದ ಮೇಲೆ ಎಲ್ಲ ಮಾತು ಒಂದೊಂದಾಗಿ ಬರತೊಡಗಿದವು. ಅವನ್ನು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹೆಸರು ಹಾಕಿದರೆ ಬಾಯಾರು ಫೋನ್ ಮಾಡಿ ಬೈಯುತ್ತಾರೆ.

ನಮ್ಮದು ಔರಾದ ತಾಲೂಕಿನ ಎಕಂಬಾದಿಂದ ಹೊಲಗಳ ನಡುವೆ ಒಳಗೆ ಹೋದರೆ ಸಿಗುವ ಸಣ್ಣ ವಾಡಿ. ಮನೆ ಕಡಿಮೆ, ಕುರಿ ಹೆಚ್ಚು. ನಾನು ಏಳನೇ ತರಗತಿ ಮುಗಿಸಿದ ವರ್ಷ ಮಳೆ ಹಿಡಿದಾಗ ಕುರಿಗಳಿಗೆ ನೀಲಿ ನಾಲಿಗೆ ರೋಗ ಬಂತು. ಬಾಯಿ ಬಾತು, ಜೊಲ್ಲು ಸುರಿದು, ಒಂದೊಂದೇ ಕಾಲು ಎಳೆಯತೊಡಗಿದವು. ಅಪ್ಪ ಎಕಂಬಾದ ಪಶು ದವಾಖಾನೆಗೆ ಓಡಿದ. "ಹೊಸ ಡಾಕ್ಟರ್ ಬಂದಾರಂತ, ಮುಂಜಾನಿ ಬರ್ತಾರಂತ" ಎಂದು ವಾಪಸು ಬಂದು, ಮರುದಿನ ಬೆಳಗಾದಾಗಿನಿಂದ ದಾರಿಯ ಬಾಯಿಗೆ ನಿಂತ. ಅವನ ಲೆಕ್ಕದಲ್ಲಿ ಡಾಕ್ಟರ್ ಎಂದರೆ ಜೀಪು, ಹೋಗಲಿ, ಒಂದು ಮೋಟಾರ್ ಸೈಕಲ್.

ಬಂದದ್ದು ಒಬ್ಬ ಹೆಂಗಸು. ಕಪ್ಪು ಲೇಡೀಸ್ ಸೈಕಲ್ಲು, ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರಿಗೆ ರಬ್ಬರಿನಿಂದ ಬಿಗಿದ ಔಷಧದ ಡಬ್ಬಿ. ಹತ್ತಿ ಸೀರೆಯ ನೆರಿಗೆಯನ್ನು ಸೊಂಟಕ್ಕೆ ಎತ್ತಿ ಸಿಕ್ಕಿಸಿಕೊಂಡಿದ್ದರು. ಕೆಸರು ಮೊಣಕಾಲಿನ ತನಕ ಸಿಡಿದಿತ್ತು.

ಅಪ್ಪ ಅವರ ಹಿಂದೆ ದಾರಿ ನೋಡಿದ. "ಡಾಕ್ಟರ್ ಹಿಂದಿಂದ ಬರ್ಲಕತ್ತಾರೇನ್ರಿ?"

"ನಾನೇ ಡಾಕ್ಟರ್."

"ಅಲ್ರಿ, ಖರೇ ಡಾಕ್ಟರ್?"

ಬಾಯಾರು ಸೈಕಲ್ ಸ್ಟ್ಯಾಂಡ್ ಹಾಕಿದರು. "ಖರೇ ಡಾಕ್ಟರ್ ಯಾವಾಗ ಬರ್ತಾರೋ ಏನೋ. ಅಲ್ಲಿತನಕ ನಾ ನೋಡ್ತೇನಿ, ನಡೀರಿ."

ಅವತ್ತು ಮಧ್ಯಾಹ್ನದವರೆಗೆ ದೊಡ್ಡಿಯೊಳಗೆ ಕೂತು ಒಂದೊಂದು ಕುರಿಯ ಬಾಯಿಯನ್ನೂ ಕೆಂಪು ಔಷಧದ ನೀರಿನಿಂದ ತೊಳೆದರು. ನಾನು ಕುರಿಯ ತಲೆ ಹಿಡಿದುಕೊಂಡಿದ್ದೆ. ಗಂಜಿ ಕುಡಿಸಬೇಕು, ತಗ್ಗಿನಲ್ಲಿ ಕಟ್ಟಬಾರದು, ಸಂಜೆಗೆ ಹೊಗೆ ಹಾಕಬೇಕು, ಈ ರೋಗ ತರುವುದು ಸಣ್ಣ ನೊಣ ಎಂದು ಅಪ್ಪನಿಗೆ ಬಿಡಿಸಿ ಹೇಳಿದರು. ಕೆಲವು ಸತ್ತವು, ಬಹಳಷ್ಟು ಉಳಿದವು. ಆಮೇಲೆ ಅಪ್ಪ ಆ ಡಾಕ್ಟರ್ ಖರೇನೋ ಸುಳ್ಳೋ ಎಂದು ಕೇಳಲಿಲ್ಲ. ಆದರೆ ಸೈಕಲ್ಲಿನ ವಿಷಯ ಅವನಿಗೆ ಬಗೆಹರಿಯಲಿಲ್ಲ. ಎಕಂಬಾದಲ್ಲಿ ಯಾರಿಗೂ ಬಗೆಹರಿಯಲಿಲ್ಲ. ಸಸ್ಪೆಂಡ್ ಆಗಿ ಬಂದಿರಬೇಕು ಎಂದರು ಒಬ್ಬರು. ಗಂಡನ ಮನೆಯವರು ಪಗಾರ ಕಸಿದುಕೊಳ್ಳುತ್ತಾರೆ ಎಂದರು ಇನ್ನೊಬ್ಬರು. ಬಾಯಾರಿಗೆ ಮದುವೆಯೇ ಆಗಿರಲಿಲ್ಲ. ಚಾದಂಗಡಿಯ ಕಾಕಾ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ: "ಬಾಯಾರ, ಏನಾರ ತ್ರಾಸು, ಪರೇಶಾನಿ ಅದ ಏನ್ರಿ?"

"ಪರೇಶಾನಿ ಏನೂ ಇಲ್ಲ. ಕಾಕಾ, ನೀವು ಯಾಕ ಸೈಕಲ್ ಹೊಡಿಯಲ್ಲ?"

"ಅಯ್ಯ, ನಮಗೇನು ಬ್ಯಾನಿ ಬಂದದರಿ! ಮಗ ಗಾಡಿ ತಗೊಂಡಾನಲ್ರಿ."

ಬಾಯಾರು ಆ ಉತ್ತರವನ್ನು ಬಾಯಲ್ಲಿ ಚಪ್ಪರಿಸುವವರಂತೆ ತಾವೇ ಮತ್ತೊಮ್ಮೆ ಹೇಳಿಕೊಂಡರು. ಅದು ಅವರ ಚಟ. ಕಂಡವರನ್ನೆಲ್ಲ ಇದೇ ಒಂದು ಪ್ರಶ್ನೆ ಕೇಳುವುದು, ಉತ್ತರ ಸಿಕ್ಕಮೇಲೆ ವಾದ ಮಾಡದೆ ಅದನ್ನು ನಂಬಿ ನೋಡುವುದು.

ಆ ಪ್ರಶ್ನೆ ಅವರಿಗೆ ಹತ್ತಿದ್ದು ಹಾಲೆಂಡಿನಲ್ಲಿ. ಎಕಂಬಾಕ್ಕೆ ಬರುವ ಮುಂಚೆ ಅವರನ್ನು ದನ ಕುರಿಗಳ ರೋಗದ ಬಗ್ಗೆ ತರಬೇತಿಗೆಂದು ಅಲ್ಲಿಗೆ ಕಳಿಸಿದ್ದರು. ನಮ್ಮ ದೊಡ್ಡಿಯ ಕಲ್ಲಿನ ಮೇಲೆ ಕೂತು ಚಾ ಕುಡಿಯುತ್ತ ಆ ಕತೆ ಹೇಳುತ್ತಿದ್ದರು. ಮೊದಲ ದಿನವೇ ಪಾಠ ಮಾಡುವ ದೊಡ್ಡ ಪ್ರೊಫೆಸರು ಮಳೆಯಲ್ಲಿ ನೆನೆಯುತ್ತ ಸೈಕಲ್ ಮೇಲೆ ಬಂದು, ಕೋಟು ಕೊಡವಿ, ಪಾಠ ಶುರು ಮಾಡಿದರಂತೆ. ಇವರು ಪಾಪ ಎಂದುಕೊಂಡರು. ಹೊರಗೆ ನೋಡಿದರೆ ಊರಿಗೆ ಊರೇ ಸೈಕಲ್ ಮೇಲೆ. ಬಸುರಿ ಹೆಂಗಸರು, ತರಕಾರಿ ಚೀಲ ನೇತುಹಾಕಿಕೊಂಡ ಮುದುಕಿಯರು, ಟೈ ಕಟ್ಟಿದ ಆಫೀಸಿನವರು.

"ನಾ ಕೇಳ್ದೆ, ಸರ್, ನಿಮ್ಮ ಕಡಿ ಕಾರ್ ಇಲ್ಲೇನ್ರಿ ಅಂತ. ಅದ, ಮನ್ಯಾಗ ನಿಂತದ ಅಂದ್ರು. ಮತ್ತ ಸೈಕಲ್ ಯಾಕ್ರಿ ಅಂದೆ. ಪಾಪ, ಮುದುಕಗ ನನ್ನ ಪ್ರಶ್ನಿನೇ ತಿಳೀಲಿಲ್ಲ. ನಮಗ ಯಾರಾರ ಬಂದು, ರೊಟ್ಟಿ ಯಾಕ ಕೈಲೆ ಮುರೀತೀರಿ ಅಂತ ಕೇಳಿದ್ರ ಏನು ಹೇಳ್ತೇವಿ? ಹಂಗ ನನ್ನ ಮಾರಿ ನೋಡಿದ್ರು."

ಆ ತರಬೇತಿಗೆ ಬೇರೆ ಬೇರೆ ದೇಶದವರು ಬಂದಿದ್ದರು. ರಾತ್ರಿ ಊಟಕ್ಕೆ ಕೂತಾಗ ಬಾಯಾರು ಅವರನ್ನೂ ಬಿಡಲಿಲ್ಲ. ಜಪಾನಿನ ಹೆಣ್ಣುಮಗಳು, ನಮ್ಮಲ್ಲಿ ತಾಯಂದಿರು ಮಕ್ಕಳನ್ನು ಹಿಂದೆ ಮುಂದೆ ಕೂರಿಸಿಕೊಂಡು ರೈಲು ನಿಲ್ದಾಣದ ತನಕ ಸೈಕಲ್ಲಿನಲ್ಲೇ ಹೋಗುತ್ತಾರೆ ಎಂದಳು. ಚೀನಾದವನು, ನಮ್ಮಪ್ಪನ ಕಾಲಕ್ಕೆ ರಸ್ತೆ ತುಂಬ ಸೈಕಲ್ಲೇ ಇದ್ದವು, ದುಡ್ಡು ಬಂತು, ಬಿಟ್ಟೆವು ಎಂದ. ಆಫ್ರಿಕಾದಿಂದ ಬಂದವನೊಬ್ಬ, ನಮ್ಮೂರಲ್ಲಿ ಗಂಡಸರು ಬಾಳೆಗೊನೆ ಹೇರಿಕೊಂಡು ಹೋಗುತ್ತಾರೆ, ಹೆಂಗಸರು ಹೊಡೆದರೆ ಮಂದಿ ಆಡಿಕೊಳ್ಳುತ್ತಾರೆ ಎಂದನಂತೆ. "ಅದು ಕೇಳಿ ನಂಗ ಎಕದಮ್ ಬೀದರ ನೆನಪಾತು" ಎನ್ನುತ್ತಿದ್ದರು ಬಾಯಾರು.

ಆ ಪ್ರಶ್ನೆಗೆ ಬಾಯಾರ ಉತ್ತರಗಳು ವರ್ಷವರ್ಷಕ್ಕೆ ಬದಲಾದವು. ಶುರುವಿಗೆ ಹಾಲೆಂಡ್ ಸಪಾಟು ನೆಲ, ಅದಕ್ಕೇ ಎಂದುಕೊಂಡಿದ್ದರು. ಆಮೇಲೆ, ನಮ್ಮ ಬೀದರೂ ದಿಬ್ಬದ ಮೇಲೆ ಸಪಾಟೇ ಇದೆಯಲ್ಲ ಎಂದರು. ಬಿಸಿಲು ಕಾರಣ ಎಂದು ಯಾರಾದರೂ ಹೇಳಿದರೆ, ಅಲ್ಲಿಯ ಗಾಳಿ ಮಳೆ ಹಿಮಕ್ಕಿಂತ ನಮ್ಮ ಬೆಳಗಿನ ಬಿಸಿಲು ಮೇಲು ಎನ್ನುತ್ತಿದ್ದರು. ಅವರನ್ನು ಬಹಳ ಕಾಡಿದ್ದು ಪ್ರೊಫೆಸರು ಹೇಳಿದ ಇನ್ನೊಂದು ಮಾತು. ಅಲ್ಲಿಯೂ ಒಂದು ಕಾಲಕ್ಕೆ ಕಾರುಗಳು ತುಂಬಿ, ಸೈಕಲ್ ಮೂಲೆಗೆ ಬಿದ್ದು, ಸಾಲಿಗೆ ಹೋಗುವ ಮಕ್ಕಳು ರಸ್ತೆಯಲ್ಲಿ ಸಾಯತೊಡಗಿದ್ದರಂತೆ. ಆಗ ತಾಯಂದಿರೂ ಮಕ್ಕಳೂ ಬೀದಿಗೆ ಇಳಿದು ಕೂತರು. ಸರ್ಕಾರ ಸೈಕಲ್ಲಿಗೆ ಬೇರೆ ದಾರಿ ಮಾಡಿಕೊಡಬೇಕಾಯಿತು.

"ಅಂದ್ರ ಅದು ಅವರ ರಕ್ತದಾಗ ಬಂದಿದ್ದಲ್ಲ. ಕೂತು ಮಾಡ್ಕೊಂಡಾರ" ಎಂದು ಬಾಯಾರು ಖಾಲಿ ಲೋಟವನ್ನು ಕಲ್ಲಿನ ಮೇಲೆ ಇಡುತ್ತಿದ್ದರು. ಕೇಳುತ್ತ ಕೂತಿದ್ದ ಅಪ್ಪ, "ಹೌದೇನ್ರಿ" ಎಂದು ಕುರಿಗಳ ಕಡೆ ನೋಡುತ್ತಿದ್ದ.

ಹೀಗೆ ಬಂದು ಹೋಗುವಾಗಲೇ ಒಂದು ದಿನ ಅವರು ನನ್ನ ಕಡೆ ತಿರುಗಿ, "ನೀ ಸಾಲಿಗಿ ಹೋಗಲ್ಲೇನು?" ಎಂದರು.

ನಾನು ಅಪ್ಪನ ಮುಖ ನೋಡಿದೆ. ಏಳನೇ ತರಗತಿಯ ತನಕ ವಾಡಿಯಲ್ಲೇ ಓದಿದ್ದೆ. ಹೈಸ್ಕೂಲು ಎಕಂಬಾದಲ್ಲಿತ್ತು. ನಡುವೆ ಉದ್ದಕ್ಕೆ ತೊಗರಿ ಹೊಲ, ಒಂದು ಹಳ್ಳ, ಮನುಷ್ಯರಿಲ್ಲದ ದಾರಿ. ನಮ್ಮ ವಾಡಿಯ ಹುಡುಗಿಯರೆಲ್ಲ ಏಳಕ್ಕೇ ನಿಲ್ಲುತ್ತಿದ್ದರು. ಅದನ್ನು ಯಾರೂ ನಿಲ್ಲಿಸಿದ್ದು ಎನ್ನುತ್ತಿರಲಿಲ್ಲ. ಮುಗೀತು ಎನ್ನುತ್ತಿದ್ದರು.

"ದಾರಿ ಖರಾಬ್ ಅದರಿ ಬಾಯಾರ. ಒಬ್ಬಾಕಿ ಹ್ಯಾಂಗ ಹೋಗ್ತಾಳ?" ಎಂದ ಅಪ್ಪ.

ಓದಿನ ಮಹತ್ವ, ಹೆಣ್ಣುಮಕ್ಕಳ ಭವಿಷ್ಯ ಎಂದು ಬಾಯಾರು ಭಾಷಣ ಮಾಡಬಹುದಿತ್ತು. ಮಾಡಲಿಲ್ಲ. ಅಪ್ಪ ಹೇಳಿದ್ದನ್ನು ಎಂದಿನಂತೆ ನಂಬಿದರು. "ಖರೇ ಅದ. ದಾರಿ ಖರಾಬೇ ಅದ. ನಾ ದಿನಾ ಬರ್ತೇನಲ್ಲ, ನಂಗೂ ಅಂಜಿಕಿ ಆಗ್ತದ" ಎಂದರು. ಆಮೇಲೆ, "ಎಂಟನೇತ್ತಿಗಿ ಹೆಸರು ಹಚ್ಚರಿ. ಸರ್ಕಾರದಿಂದ ಸೈಕಲ್ ಬರ್ತದ. ಮುಂಜಾನಿ ನಾ ಇಲ್ಲಿತನಕ ಬಂದು ಕರ್ಕೊಂಡು ಹೋಗ್ತೇನಿ. ಸಂಜಿಗಿ ನೀವು ಹಳ್ಳದ ತನಕ ಬರ್ರಿ. ಇಬ್ಬರೂ ಕೂಡಿ ಅಂಜೋಣ" ಎಂದರು.

ಅಪ್ಪ ಬಹಳ ಹೊತ್ತು ಕೋಲಿನಿಂದ ನೆಲ ಕೆದರಿದ. ಅವನ ಮನಸ್ಸಿನಲ್ಲಿ ಏನಾಯಿತೋ ಗೊತ್ತಿಲ್ಲ. ಕುರಿ ಉಳಿಸಿದವರ ಮಾತು ತೆಗೆದುಹಾಕಲು ಆಗಲಿಲ್ಲವೋ, ಡಾಕ್ಟರೂ ಅಂಜುತ್ತಾರೆ ಎಂದು ಕೇಳಿ ಧೈರ್ಯ ಬಂತೋ. "ನೋಡೋಣ್ರಿ" ಎಂದ. ನಮ್ಮಪ್ಪ ನೋಡೋಣ ಎಂದರೆ ಆಯಿತು ಎಂದೇ ಅರ್ಥ.

ಸೈಕಲ್ ಕಲಿಸಿದ್ದೂ ಅವರೇ. ಎಕಂಬಾದ ಸಾಲಿಯ ಮೈದಾನದಲ್ಲಿ, ಅವರ ಕಪ್ಪು ಸೈಕಲ್ಲಿನ ಮೇಲೆ. ಹಿಂದೆ ಕ್ಯಾರಿಯರ್ ಹಿಡಿದು ಓಡುವರು. ನಾನು ಬಿದ್ದರೆ ಎತ್ತಲು ಬರುತ್ತಿರಲಿಲ್ಲ, ನಿಂತಲ್ಲೇ, "ಏನೂ ಮುರಿದಿಲ್ಲ, ಏಳು" ಎನ್ನುತ್ತಿದ್ದರು. ಬಿದ್ದದ್ದು ದನವಾದರೆ ಓಡಿ ಬರುತ್ತಿದ್ದರೇನೋ. ಒಂದು ಸಂಜೆ ಹಿಂದೆ ಅವರ ಚಪ್ಪಲಿಯ ಸಪ್ಪಳ ಕೇಳಿಸಲಿಲ್ಲ. ತಿರುಗಿ ನೋಡಿದರೆ ಅವರು ಮೈದಾನದ ಆ ತುದಿಯಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು. ನಾನು ಒಬ್ಬಳೇ ಹೋಗುತ್ತಿದ್ದೆ. ಬೇಲಿಯ ಹತ್ತಿರ ಕೂತು ನೋಡುತ್ತಿದ್ದ ಅಪ್ಪ ಎದ್ದು ನಿಂತಿದ್ದ. ಹುಟ್ಟಿದಾಗಿನಿಂದ ಕುರಿಗಳ ಹಿಂದೆ ನಡೆದೇ ಬದುಕಿದವನು, ಸೈಕಲ್ ಮುಟ್ಟಿದವನಲ್ಲ. ಮಗಳು ಚಕ್ರದ ಮೇಲೆ ಹೋಗುವುದನ್ನು ನೋಡಿ ಅವನ ಬಾಯಿ ತೆರೆದೇ ಇತ್ತು.

ಆ ಮಳೆಗಾಲವಿಡೀ ಬಾಯಾರು ಮಾತಿನಂತೆ ಬಂದರು. ಮುಂಜಾನೆ ವಾಡಿಯ ಕಡೆ ಕೆಲಸ ಇರಲಿ ಬಿಡಲಿ ಬಂದರು. ದೀಪಾವಳಿ ಕಳೆದ ಮೇಲೆ ವಾಡಿಯ ಇನ್ನೂ ಕೆಲವು ಹುಡುಗಿಯರು ಕೂಡಿಕೊಂಡರು. ಮರುವರ್ಷ ನಾವೊಂದು ಹಿಂಡೇ ಆದೆವು. ನಮ್ಮ ಬೆಲ್ಲಿನ ಸದ್ದಿಗೆ ಎತ್ತಿನ ಬಂಡಿಯವರು ಪಕ್ಕಕ್ಕೆ ಸರಿಯುತ್ತಿದ್ದರು. ಒಂದು ದಿನ ಬಾಯಾರು ಹೇಳಿದ್ದು ನನ್ನ ಕಿವಿಯಲ್ಲಿದೆ: "ಒಬ್ಬಾಕಿ ಹೋದ್ರ ಮಂದಿ ನೋಡ್ತಾರ. ಇಷ್ಟ್ ಮಂದಿ ಹೋದ್ರ ದಾರಿ ಬಿಡ್ತಾರ. ಹಾಲೆಂಡಿನಾಗೂ ಇದೇ ಇರಬೇಕು ನೋಡು." ಮರುದಿನದಿಂದ ಅವರು ನಮ್ಮ ಜೊತೆ ಬರುವುದು ನಿಲ್ಲಿಸಿದರು. ಬೇಕಾಗಿರಲಿಲ್ಲ. ಅವರು ಬರಲಿಲ್ಲ ಎಂದು ನಮಗೆ ಗೊತ್ತಾದದ್ದು ಕೂಡ ಸಾಲಿ ಮುಟ್ಟಿದ ಮೇಲೆ.

ಮುಂದೆ ಬಾಯಾರಿಗೆ ಬೀದರಿಗೆ ವರ್ಗವಾಯಿತು. ನಾನೂ ಕಾಲೇಜಿಗೆಂದು ಬೀದರಿಗೆ ಬಂದು ಅವರ ಬಾಡಿಗೆ ಮನೆಯಲ್ಲೇ ಉಳಿದೆ. ಅಡುಗೆಯಲ್ಲಿ ಅವರು ನಮ್ಮಪ್ಪನಿಗಿಂತ ಕಡೆ. ಬೇಳೆ ಹಾಕಿ ಮರೆತು, ವಾಸನೆ ಬಂದ ಮೇಲೆ ಓಡುತ್ತಿದ್ದರು. ಸಾರಿಗೆ ಉಪ್ಪು ಕಮ್ಮಿ ಆದರೆ, "ಬಿಪಿಗಿ ಛಲೋ" ಎನ್ನುವರು, ಹೆಚ್ಚಾದರೆ, "ಬಿಸಿಲಿಗಿ ಛಲೋ" ಎನ್ನುವರು.

ಬೀದರಿನಲ್ಲಿ ಎಕಂಬಾದ ದಾರಿಯಂಥ ದಾರಿ ಇರಲಿಲ್ಲ. ಲಾರಿ, ಟಂಟಂ ಆಟೊ, ಬಸ್ಸು, ಅವುಗಳ ನಡುವೆ ನುಗ್ಗುವ ಬೈಕು. ಕೆಲಸದ ಮೇಲೆ ಅವರು ಕೊಳಾರದ ಕಡೆ ಹೋಗುತ್ತಿದ್ದರು. ಅಲ್ಲಿ ಕಾರ್ಖಾನೆಗಳಿಗೆ ಸೈಕಲ್ ಮೇಲೆ ಬರುವ ಕೂಲಿಗಳು ಇನ್ನೂ ಇದ್ದರು. ಗೇಟಿನ ಹತ್ತಿರ ಚಾ ಕುಡಿಯುತ್ತ ಬಾಯಾರು ಅವರನ್ನು, ನೀವು ಯಾಕೆ ಸೈಕಲ್ ಹೊಡೆಯುತ್ತೀರಿ ಎಂದು ಕೇಳಿದರು. ಒಬ್ಬ ನೇರವಾಗಿ ಹೇಳಿದ: "ರೊಕ್ಕ ಇಲ್ರಿ ಬಾಯಾರ, ಅದಕ್ಕ ಹೊಡೀತೇನಿ. ರೊಕ್ಕ ಬಂದ ದಿನ ಇದನ್ನ ಗುಜರಿಗಿ ಹಾಕ್ತೇನಿ."

ಸ್ವಲ್ಪ ದಿನದಲ್ಲೇ ಅದೇ ರಸ್ತೆಯಲ್ಲಿ ಹಿಂದಿನಿಂದ ಬಂದ ಒಂದು ಟೆಂಪೊ ಬಾಯಾರಿಗೆ ಬಡಿದು ನಿಲ್ಲದೇ ಹೋಯಿತು. ಅವರನ್ನು ಎತ್ತಿ ದವಾಖಾನೆಗೆ ತಂದದ್ದು ಆ ಸೈಕಲ್ಲಿನ ಕೂಲಿಗಳೇ. ಹೆಗಲ ಎಲುಬು ಮುರಿದಿತ್ತು. ನಾನು ಹೋದಾಗ ಮುಖದ ತುಂಬ ಕೆಂಪು ಮಣ್ಣು, ಕೈ ಎದೆಗೆ ಕಟ್ಟಿದ್ದರು. ಅಂಜಿ ಅಳುತ್ತ ನಿಂತೆ. ಅವರಿಗೆ ಕೋಪ ಬಂದಿತ್ತು, ಆದರೆ ಟೆಂಪೊದವನ ಮೇಲಲ್ಲ.

"ಎಷ್ಟ್ ವರ್ಷ ಮಂದಿಗಿ ಕೇಳ್ದೆ ನಾ, ಯಾಕ ಹೊಡಿಯಲ್ಲ ಯಾಕ ಹೊಡಿಯಲ್ಲ ಅಂತ" ಎಂದರು. "ಅವರೇನು ಹುಚ್ಚರೇನು? ಅವರಿಗಿ ಜೀವದ ಆಸಿ ಅದ. ನಾ ಕೇಳಬೇಕಾಗಿದ್ದು ಅವರಿಗಲ್ಲ."

ಅವರು ಬದಲಾದದ್ದು ಅವತ್ತು. ಅಲ್ಲಿಂದ ಮುಂದೆ ಯಾರಿಗೂ ಸೈಕಲ್ ಹೊಡೆಯಿರಿ ಎನ್ನಲಿಲ್ಲ. ನಾನು ಮುಂದೆ ಸ್ಕೂಟಿ ತಗೊಂಡಾಗಲೂ ಒಂದು ಮಾತು ಆಡಲಿಲ್ಲ, ಹೆಲ್ಮೆಟ್ ಮಾತ್ರ ತಾವೇ ಕೊಡಿಸಿದರು. ರಸ್ತೆಯ ಬಗ್ಗೆ ಯಾವ ಸಭೆ ಆದರೂ ಹೋಗಿ ಕೂಡತೊಡಗಿದರು. ರಸ್ತೆ ಅಗಲ ಮಾಡುವಾಗ ಅಂಚಿಗೆ ಸ್ವಲ್ಪ ಜಾಗ ಬಿಡಿ, ನೆರಳಿಗೆ ಗಿಡ ಹಚ್ಚಿ ಎಂದು ಕೇಳಿದರು. "ದನದ ಡಾಕ್ಟರಿಗಿ ರಸ್ತೆ ಉಸಾಬರಿ ಯಾಕ್ರಿ?" ಎಂದು ಒಬ್ಬ ಅಧಿಕಾರಿ ನಕ್ಕನಂತೆ. "ದನಾನೂ ರಸ್ತೆ ಮ್ಯಾಲೇ ಹೋಗ್ತಾವ್ರಿ" ಎಂದು ಇವರು ಕೂತರಂತೆ. ಬಹಳ ಏನೂ ಆಗಲಿಲ್ಲ. ಒಂದು ಹೆಣ್ಣುಮಕ್ಕಳ ಸಾಲಿಯ ಮುಂದೆ ಗಂಟೆ ಹೊಡೆಯುವ ವೇಳೆಗೆ ಲಾರಿ ಬಿಡದಂತೆ ಪೊಲೀಸರು ಬ್ಯಾರಿಕೇಡ್ ಇಡತೊಡಗಿದರು. ಇವತ್ತಿಗೂ ಇಡುತ್ತಾರೆ. ಆ ಹುಡುಗಿಯರಿಗೆ ಅದು ಯಾರಿಂದ ಬಂತು ಎಂದು ಗೊತ್ತಿಲ್ಲ. ನಾನು ಆ ಕಡೆ ಹೋದಾಗಲೆಲ್ಲ ಗಾಡಿ ನಿಲ್ಲಿಸಿ, ಅವರು ಗದ್ದಲ ಮಾಡುತ್ತ ಹೊರಗೆ ಬರುವುದನ್ನು ನೋಡಿ ಮುಂದೆ ಹೋಗುತ್ತೇನೆ.

ಬಾಯಾರು ಹೆಗಲು ಕಟ್ಟಿಕೊಂಡು ಮನೆಯಲ್ಲಿ ಇದ್ದಾಗಲೇ ಅವರ ತಂದೆ ಭಾಲ್ಕಿಯಿಂದ ಬಂದರು. ಊರಲ್ಲಿ ಅವರನ್ನು ಎಲ್ಲರೂ ಮಾಸ್ತರ್ ಎನ್ನುತ್ತಿದ್ದರು. ನಿವೃತ್ತ ಪ್ರಾಥಮಿಕ ಸಾಲಿ ಶಿಕ್ಷಕರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಮಗಳನ್ನು ಮಾತಾಡಿಸುವ ಮುಂಚೆ ಅಂಗಳದಲ್ಲಿದ್ದ ಸೈಕಲ್ ಕಡೆ ನೋಡಿದರು. ಹಿಂದಿನ ಗಾಲಿ ಸೊಟ್ಟಾಗಿತ್ತು.

"ಈಗಾರ ಬಿಡ್ತಿಯೋ ಇಲ್ಲೋ?"

"ಅಪ್ಪಾ, ಆರಾಮ ಆಗ್ಲಕತ್ತದ."

"ನಾ ಆರಾಮ ಕೇಳಿಲ್ಲ."

ತಂದೆ ಮಗಳ ನಡುವೆ ಈ ಸೈಕಲ್ಲಿನ ಕಾರಣಕ್ಕೆ ಮುನಿಸಿತ್ತು ಎಂದು ನನಗೆ ಆಗಲೇ ತಿಳಿದದ್ದು. ಮಗಳು ಹಾಲೆಂಡಿನಿಂದ ಬಂದು ಸೈಕಲ್ ಕೊಂಡ ದಿನದಿಂದ ಮಾಸ್ತರು ಅವರ ಮನೆಗೆ ಬಂದಿರಲಿಲ್ಲವಂತೆ. ಆ ಸಂಜೆ ಬಾಯಾರು ಒಳಗೆ ಮಲಗಿದ್ದಾಗ ಮಾಸ್ತರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತು ನನಗೆ ಹೇಳಿದರು. ನನಗೆ ಹೇಳಿದರೋ, ಒಳಗಿದ್ದವರಿಗೆ ಕೇಳಲಿ ಎಂದು ಹೇಳಿದರೋ.

ಮಾಸ್ತರು ಹೊಸದಾಗಿ ನೌಕರಿಗೆ ಸೇರಿ ಮನೆ ಮಾಡಿದ ಊರು ಭಾಲ್ಕಿಯಿಂದ ಸ್ವಲ್ಪ ದೂರ. ಸಾಲಿಗೆ ಹೋಗಬೇಕಾದರೂ ಭಾಲ್ಕಿಗೆ ಹೋಗಬೇಕಾದರೂ ಊರ ದೊಡ್ಡ ಮನೆಗಳ ಓಣಿ ದಾಟಬೇಕು. ಅವರ ಜಾತಿಯವರು ಆ ಓಣಿಯಲ್ಲಿ ಸೈಕಲ್ ಮೇಲೆ ಕೂತು ಹೋಗುವಂತಿರಲಿಲ್ಲ. ಓಣಿಯ ಬಾಯಿಗೆ ಇಳಿಯಬೇಕು, ತಳ್ಳಿಕೊಂಡು ನಡೆಯಬೇಕು, ಆ ತುದಿಗೆ ಹೋಗಿ ಹತ್ತಬೇಕು. "ಯಾರೂ ಬಾಯಿಬಿಟ್ಟು ಹೇಳ್ತಿದ್ದಿಲ್ಲ. ಕಟ್ಟಿ ಮ್ಯಾಲ ಕೂತು ನೋಡ್ತಿದ್ದರು, ಅಷ್ಟೇ. ಸಾಲ್ಯಾಗ ಅವರ ಮಕ್ಕಳೇ ನಂಗ ಸರ್ ಅಂತಿದ್ದರು. ಓಣ್ಯಾಗ ನಾ ಇಳೀಬೇಕು." ಒಮ್ಮೆ ಮಗಳಿಗೆ ಜ್ವರ. ಇನ್ನೂ ಸಣ್ಣವಳು. ಸೈಕಲ್ಲಿನ ಮುಂದಿನ ಸರಳಿನ ಮೇಲೆ ಕೂರಿಸಿಕೊಂಡು ಭಾಲ್ಕಿಯ ದವಾಖಾನೆಗೆ ಹೊರಟಿದ್ದರು, ಮಳೆ ಬೇರೆ. ಅವತ್ತೂ ಇಳಿದರು. ಜ್ವರದ ಮಗಳು, "ಅಪ್ಪಾ, ಯಾಕ ಇಳಿದಿ? ಜಲ್ದಿ ಹೋಗು" ಎಂದು ಅತ್ತಳಂತೆ.

"ಸ್ಕೂಟರ್ ತಗೊಂಡ ದಿನ ಆ ಸೈಕಲ್ ಯಾರಿಗೋ ಕೊಟ್ಟು ಬಂದೆ. ತಿರುಗಿ ನೋಡಿಲ್ಲ. ನನ್ನ ಮಗಳು ಡಾಕ್ಟರ್ ಆದ್ಳು. ಕಾರಿನಾಗ ಬರ್ತಾಳ, ಆ ಓಣ್ಯಾಗ ಧೂಳು ಹಾರಸ್ತಾಳ ಅಂತ ಕಾಯ್ಕೊತ ಕೂತೆ. ಈಕಿ ನೋಡಿದ್ರ..."

ಮಾಸ್ತರು ಸೊಟ್ಟ ಗಾಲಿಯ ಕಡೆ ಕೈ ಮಾಡಿದರು. ಬಾಯಾರು ಊರವರನ್ನೆಲ್ಲ ಕೇಳಿದ ಪ್ರಶ್ನೆಯನ್ನು ಮನೆಯಲ್ಲಿ ಮಾತ್ರ ಕೇಳಿರಲಿಲ್ಲ. ಆ ಜ್ವರದ ದಿನ ಅವರಿಗೆ ನೆನಪಿರಲಿಲ್ಲ ಎಂದು ಆಮೇಲೆ ಹೇಳಿದರು. "ಒಂದು ದೇಶದಾಗ ದೊಡ್ಡ ಪ್ರೊಫೆಸರ್ ಹತ್ತಿ ಬರ್ತಾನ. ನಮ್ಮ ಕಡಿ ಮಾಸ್ತರ್ ಇಳೀಬೇಕಾಗಿತ್ತು. ನಾ ಸಪಾಟ ಅದೇನು, ಬಿಸಿಲು ಅದೇನು ಅಂತ ನೋಡ್ಕೊತ ಕೂತೆ" ಎಂದರು. ಅವತ್ತು ಅವರು ಊಟ ಮಾಡಲಿಲ್ಲ.

ಹೆಗಲು ಸರಿಯಾಗಿ, ಸೈಕಲ್ಲಿಗೂ ಹೊಸ ಗಾಲಿ ಹಾಕಿಸಿದ ಮೇಲೆ ಒಂದು ಶನಿವಾರ ಬಾಯಾರು ಅದನ್ನು ಬಸ್ಸಿನ ಮೇಲೆ ಹೇರಿಸಿ ನನ್ನನ್ನೂ ಕರೆದುಕೊಂಡು ಭಾಲ್ಕಿಗೆ ಹೋದರು. ಬುದ್ಧನ ಫೋಟೋದ ಕೆಳಗೆ ಪೇಪರ್ ಓದುತ್ತ ಕೂತಿದ್ದ ಮಾಸ್ತರಿಗೆ, "ಅಪ್ಪಾ, ಆ ಊರಿಗಿ ಹೋಗೋಣ ನಡಿ" ಎಂದರು. ಮಾಸ್ತರು ಪೇಪರ್ ಮಡಿಚಿ ಇಟ್ಟರು. ಬೇಡ ಎನ್ನುತ್ತಾರೆ ಎಂದುಕೊಂಡೆ. ಎದ್ದು ಒಳಗೆ ಹೋಗಿ ಬೇರೆ ಅಂಗಿ ಹಾಕಿಕೊಂಡು ಬಂದರು.

ಸೈಕಲ್ ಸಮೇತ ಇನ್ನೊಂದು ಬಸ್ಸು ಹತ್ತಿ ಆ ಊರಲ್ಲಿ ಇಳಿದೆವು. ಓಣಿಯ ಬಾಯಿಗೆ ಬಂದಾಗ ಬಾಯಾರು ಕ್ಯಾರಿಯರ್ ಒರೆಸಿ, "ಹಿಂದ ಕೂಡು, ನಾ ಹೊಡೀತೇನಿ" ಎಂದರು.

"ನಾ ಹಿಂದ ಕೂಡಲ್ಲ. ಕೊಡು ಇಲ್ಲಿ" ಎಂದು ಮಾಸ್ತರು ಹ್ಯಾಂಡಲ್ ಕಸಿದುಕೊಂಡರು.

ಎಷ್ಟೋ ವರ್ಷಗಳಿಂದ ಪೆಡಲ್ ತುಳಿಯದ ಕಾಲು. ಮೊದಲು ಆ ಕಡೆ ಈ ಕಡೆ ವಾಲಿದರು. ಬಾಯಾರು ಹಿಂದೆ ಕೈ ಚಾಚಿ ಓಡಿದರು, ನಾನೂ ಓಡಿದೆ. ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಸೈಕಲ್ ನೆಟ್ಟಗಾಯಿತು. ಮಾಸ್ತರರ ಬೆನ್ನು ನೆಟ್ಟಗಾಯಿತು. ಓಣಿಯ ನಡುವೆ ಒಂದು ದೊಡ್ಡ ಮನೆಯ ಕಟ್ಟೆಯ ಮೇಲೆ ತಲೆ ಹಣ್ಣಾದ ಒಬ್ಬ ಕುರ್ಚಿ ಹಾಕಿಕೊಂಡು ಕೂತಿದ್ದ. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ಎದ್ದ.

"ಯಾರು, ಮಾಸ್ತರೇನ್ರಿ? ನಾ ನಿಮ್ಮ ಕೈಯಾಗ ಕಲ್ತವ್ರಿ! ಇಳೀರಿ, ಇಳೀರಿ, ಚಾ ಕುಡಿದು ಹೋಗ್ರಿ!"

ಮಾಸ್ತರು ಬ್ರೇಕ್ ಹಿಡಿಯಲಿಲ್ಲ. ಬೆಲ್ ಬಾರಿಸಿದರು. "ಜರಾ ತಡಿಯಪ್ಪ, ಈಗ ಇಳಿಯಲ್ಲ!" ಎಂದು ಕೂಗಿ, ಆ ಮನೆಯ ಮುಂದಿನಿಂದ ಹಾದು, ಓಣಿಯ ಆ ತುದಿಗೆ ಮುಟ್ಟಿದರು. ಅಲ್ಲಿ ಬೇವಿನ ಗಿಡದ ಕೆಳಗೆ ಒಂದು ಕಾಲು ಊರಿ ನಿಂತರು. ನಾವು ಏದುಸಿರು ಬಿಡುತ್ತ ಮುಟ್ಟಿದೆವು. ಮಗಳು ಸೆರಗಿನಿಂದ ಅವರ ಮುಖದ ಬೆವರು ಒರೆಸಿದರು. ಮಾಸ್ತರು ಸೈಕಲ್ ತಿರುಗಿಸಿದರು. ಮತ್ತೆ ಹತ್ತಿ ವಾಪಸು ಬಂದು ಆ ಮನೆಯ ಮುಂದೆ ತಾವಾಗಿ ಇಳಿದು, "ಹೂಂ, ಈಗ ತರಸು ಚಾ" ಎಂದರು.

ಆ ಮನುಷ್ಯನಿಗೆ ಹಳೆಯದು ನೆನಪಿರಲಿಲ್ಲವೋ, ನೆನಪಿದ್ದೂ ಏನು ಹೇಳಬೇಕೋ ತಿಳಿಯಲಿಲ್ಲವೋ, ನನಗೆ ಗೊತ್ತಿಲ್ಲ. ಮಾಸ್ತರಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟು ತಾನು ಕಟ್ಟೆಯ ಮೇಲೆ ಕೂತ. ಚಾ ಎರಡು ಸಲ ತರಿಸಿದ.

ರಾತ್ರಿ ಭಾಲ್ಕಿಯಲ್ಲೇ ಉಳಿದೆವು. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ಸೈಕಲ್ ಇಲ್ಲ, ಮಾಸ್ತರೂ ಇಲ್ಲ. ಬಾಯಾರು ಗಾಬರಿಯಾಗಿ ಬಾಗಿಲಿಗೆ ಬಂದರು. ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಬೆಲ್ ಸದ್ದಾಯಿತು. ಮಾಸ್ತರು ಬಂದರು. ಮುಂದಿನ ಬುಟ್ಟಿಯಲ್ಲಿ ಮೆಂತೆ ಸೊಪ್ಪು, ಬದನೆಕಾಯಿ.

"ಸೀಟು ಜರಾ ಎತ್ತರ ಮಾಡಿಸೀನಿ" ಎಂದರು. "ಇದು ಇಲ್ಲೇ ಇರಲಿ. ನಿಂಗ ಪಗಾರ ಬರ್ತದಲ್ಲ, ಬ್ಯಾರೆ ತಗೋ."

"ಅಪ್ಪಾ, ನಾ ನಾಳಿ ಡ್ಯೂಟಿಗಿ ಹ್ಯಾಂಗ ಹೋಗಲಿ?"

"ನಡ್ಕೊಂಡು ಹೋಗು."

ಊಟ ಮಾಡಿ ಬಸ್ ನಿಲ್ದಾಣಕ್ಕೆ ಹೊರಟಾಗ ಮಾಸ್ತರು ಕಳಿಸಲು ಬಂದರು. ನಮ್ಮ ಚೀಲವನ್ನು ತಮ್ಮ ಕ್ಯಾರಿಯರಿಗೆ ಕಟ್ಟಿಕೊಂಡರು. ನಾನೂ ಬಾಯಾರೂ ನಡೆಯುತ್ತಿದ್ದೆವು, ಅವರು ಸೈಕಲ್ ಮೇಲೆ. ನಮ್ಮ ನಡಿಗೆ ಅವರಿಗೆ ಸಾಕಾಗುತ್ತಿರಲಿಲ್ಲ. ಮುಂದೆ ಹೋಗುವರು, ಒಂದು ಸುತ್ತು ಹಾಕಿ ವಾಪಸು ನಮ್ಮ ಹತ್ತಿರ ಬರುವರು, ಬೆಲ್ ಬಾರಿಸಿ ಮತ್ತೆ ಮುಂದೆ ಹೋಗುವರು. ನಿಲ್ದಾಣದ ತನಕ ಒಮ್ಮೆಯೂ ಇಳಿಯಲಿಲ್ಲ.